ಹಾಡುವವರು, ಕೇಳುವವರು: ಸಂಗೀತ ಕುರಿತ ಚಲನಚಿತ್ರಗಳ ಬಗೆಗೊಂದು ಟಿಪ್ಪಣಿ

ಸಂಗೀತವನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳ ವಿಮರ್ಶೆಯು ಬಹುಮಟ್ಟಿಗೆ ಗಾಯಕನ ಚರಿತ್ರೆಯಲ್ಲೇ ನಿಂತುಬಿಡುತ್ತದೆ. ಆ ಗಾಯನವನ್ನು ಯಾರು, ಎಲ್ಲಿ ಕುಳಿತು ಕೇಳುತ್ತಾರೆ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ ಎರಡು ಭಾಷೆಗಳಲ್ಲಿ ಚಿತ್ರವಾದದ್ದು ಈ ಪ್ರಶ್ನೆಗೆ ತಕ್ಕ ಪ್ರವೇಶ ಒದಗಿಸುತ್ತದೆ.

1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ ಕರ್ನಾಟಕ ಸಂಗೀತದ ಕಥೆಯನ್ನು ಹಿಂದೂಸ್ತಾನಿಗೆ ಒಗ್ಗಿಸಿತು. ಅದರ ಪ್ರಸಿದ್ಧ ಸ್ಪರ್ಧೆಯಲ್ಲಿ ಸೋಲುವ ಗಾಯಕನಿಗೆ ಭೀಮಸೇನ ಜೋಶಿಯವರ ಕಂಠ. ಗೆಲ್ಲುವ ನಾಯಕನಿಗೆ ಮನ್ನಾ ಡೇ ಅವರದು. ಮನ್ನಾ ಡೇ ಅವರೇ ಇದಕ್ಕೆ ಅಳುಕಿದ್ದರೆಂಬುದು ಸುಪರಿಚಿತ. ಇಲ್ಲಿ ತೀರ್ಪು ಕಥೆಯದು, ಕಿವಿಯದಲ್ಲ. ಸಭೆಯು ಕೇಳುವುದಿಲ್ಲ, ಫಲಿತಾಂಶಕ್ಕೆ ಕಾಯುತ್ತದೆ.

ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಭೈರವಿ ವೆಂಕಟಸುಬ್ಬಯ್ಯನನ್ನು ಅವನ ಸಂಗೀತ ಪದ್ಧತಿಗೇ ಮರಳಿಸಿತು. ಎಂ. ಬಾಲಮುರಳಿಕೃಷ್ಣ ಅವರಿಗೆ ಇದರ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದುದು ನ್ಯಾಯವೇ. ಆದರೂ ಒಂದು ತೊಡಕಿದೆ. ಪಕ್ವವಾದ ಕಂಠವನ್ನು ನಟನ ದೇಹಕ್ಕೆ ತೊಡಿಸಿದಾಗ ಸಾಧಕನ ತೊದಲು, ತಡವರಿಕೆಗಳು ನಮಗೆ ಕೇಳಿಸುವುದೇ ಇಲ್ಲ. ಸಾಧನೆಯನ್ನು ಅನಂತನಾಗ್ ಅವರ ಮುಖದಲ್ಲಿ ಓದಿಕೊಳ್ಳಬೇಕು, ಅಷ್ಟೆ. ಇದು ಅಯ್ಯರ್ ಅವರ ದೋಷಕ್ಕಿಂತ ಹೆಚ್ಚಾಗಿ ಕಥಾಚಿತ್ರ ಪ್ರಕಾರದ ಮಿತಿ.

ಸಾಕ್ಷ್ಯಚಿತ್ರಕ್ಕೆ ಈ ಮಿತಿಯಿಲ್ಲ. ‘ಧ್ರುಪದ್’ (1982) ನಿರ್ದೇಶಿಸಿದ ಮಣಿ ಕೌಲ್ ಸ್ವತಃ ಡಾಗರ್ ಪರಂಪರೆಯಲ್ಲಿ ಕಲಿತವರು. ಆಲಾಪದ ನಿಧಾನವನ್ನು ಅವರ ಕ್ಯಾಮೆರಾ ಅವಸರವಿಲ್ಲದೆ ಅನುಸರಿಸುತ್ತದೆ. ಶಬನಮ್ ವಿರ್ಮಾನಿಯವರ ‘ಕೋಯಿ ಸುನ್ತಾ ಹೈ’ (2008) ಇನ್ನೂ ಕಷ್ಟದ ಹಾದಿ ಹಿಡಿಯಿತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗದಿಂದ ಹಾಡಲಾಗದೆ ಮಾಳವದ ದೇವಾಸ್‌ನಲ್ಲಿ ಮಲಗಿದ್ದಾಗ ಅಲ್ಲಿಯ ಜನಪದ ಗಾಯನಕ್ಕೆ ಕಿವಿಗೊಟ್ಟವರು. ಹಾಡು ನಿಂತಾಗ ಕೇಳುವಿಕೆ ಬೆಳೆಯಿತು. ಅವರ ನಿರ್ಗುಣ ಭಜನೆಗಳ ಬೇರು ಅಲ್ಲಿದೆ. ಅವರು 1992ರಲ್ಲೇ ತೀರಿಕೊಂಡಿದ್ದರಿಂದ ಚಿತ್ರಕ್ಕೆ ನಾಯಕನೇ ಇಲ್ಲ. ಹಾಗಾಗಿ ಅದು ಅವರ ಶಾಸ್ತ್ರೀಯ ಗಾಯನವನ್ನೂ ತಂಬೂರಿ ಹಿಡಿದು ಕಬೀರನನ್ನು ಹಾಡುವ ಹಳ್ಳಿಗರ ಗಾಯನವನ್ನೂ ಒಂದರ ಪಕ್ಕ ಒಂದಿಡುತ್ತದೆ. ಯಾವುದು ಮೂಲ, ಯಾವುದು ಸಂಸ್ಕಾರಗೊಂಡದ್ದು ಎಂಬ ಶ್ರೇಣಿ ಅಲ್ಲಿ ಸಡಿಲವಾಗುತ್ತದೆ.

ಸಂರಕ್ಷಣೆಯ ಹೆಸರಿನಲ್ಲಿ ನಾವು ನೀಲಗಾರರ ಮಂಟೇಸ್ವಾಮಿ ಕಾವ್ಯವನ್ನು ಚಿತ್ರೀಕರಿಸುವಾಗ ಕ್ಯಾಮೆರಾ ಮುಖ್ಯ ಗಾಯಕನ ಮೇಲೆಯೇ ನೆಟ್ಟಿರುತ್ತದೆ. ಸೊಲ್ಲೆತ್ತಿಕೊಡುವ ಹಿಮ್ಮೇಳದವರೂ ರಾತ್ರಿಯಿಡೀ ಎದುರು ಕುಳಿತ ಒಕ್ಕಲಿನವರೂ ಚೌಕಟ್ಟಿನ ಆಚೆಗೇ ಉಳಿಯುತ್ತಾರೆ.