ಯಾವುದು ಅಪರೂಪ? ಕಾಸರಗೋಡಿನಲ್ಲಿ ಹಳೆ ಕಂಪ್ಯೂಟರುಗಳ ಬೇಟೆ

ತಾಳೆಗರಿ, ನಾಣ್ಯ, ಯಕ್ಷಗಾನದ ಹಳೆ ವೇಷಭೂಷಣ ಇವನ್ನು ಕೂಡಿಡುವವರ ಕೆಲಸವನ್ನು ತೂಗಿ ನೋಡುವ ಅಂದಾಜು ನಮ್ಮಲ್ಲಿದೆ. ಯಾವುದು ಬೆಲೆಯುಳ್ಳದ್ದು, ಯಾವುದು ಬರಿಯ ರಾಶಿ ಎಂದು ನಾಲ್ಕು ಜನ ಮಾತಾಡಿಕೊಳ್ಳಬಲ್ಲರು. ಹಳೆಯ ಕಂಪ್ಯೂಟರುಗಳ ಸಂಗ್ರಹಕ್ಕೆ ಇನ್ನೂ ಆ ಭಾಗ್ಯ ಬಂದಿಲ್ಲ. ಈ ಹವ್ಯಾಸ ಮಂಗಳೂರಿನಲ್ಲಿದೆ, ಕಾಸರಗೋಡಿನಲ್ಲೂ ಅಲ್ಲಲ್ಲಿ ಇದೆ. ಅದರಲ್ಲಿ ಶ್ರದ್ಧೆಯಿದೆ, ದುಡಿಮೆಯಿದೆ. ಆದರೆ ಯಾವುದನ್ನು ಅಪರೂಪ ಎನ್ನಬೇಕು ಎಂಬ ಲೆಕ್ಕವನ್ನು ಮಾತ್ರ ಹೊರಗಿನಿಂದ ಎರವಲು ತಂದಿದ್ದೇವೆ. ನಾನು ಮಾತಾಡಿಸಿದ ಸಂಗ್ರಾಹಕರ ಬಾಯಲ್ಲಿ ಮೊದಲು ಬರುವ ಹೆಸರುಗಳು ಆಪಲ್ ಟೂ, ಕಮೋಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್. ಈ ಎರವಲು ಲೆಕ್ಕದಿಂದ ನಮ್ಮ ಕಣ್ಣೆದುರೇ ಇರುವ ಅಪರೂಪಗಳು ಗುಜರಿಗೆ ಹೋಗುತ್ತಿವೆ ಎಂಬುದು ನನ್ನ ತಕರಾರು.

ಆಪಲ್-1 ಯಂತ್ರಗಳು ತಯಾರಾದದ್ದೇ ಸುಮಾರು 200. ಅದರಲ್ಲೊಂದನ್ನು 2014ರಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ 9,05,000 ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡಿತು. ಆ ಬೆಲೆಯ ಹಿಂದೆ ಕ್ಯಾಲಿಫೋರ್ನಿಯದ ಒಂದು ಊರಿನ ಕತೆಯಿದೆ. ಅವರು ತಮ್ಮ ದೇಶದ ನೆನಪಿಗೆ ಬೆಲೆ ಕಟ್ಟಿದರು, ಸರಿಯಾಗಿಯೇ ಕಟ್ಟಿದರು. ಆದರೆ 1984ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊಸ ಕಂಪ್ಯೂಟರ್ ನೀತಿ ತರುವವರೆಗೆ ನಮ್ಮ ದೇಶದಲ್ಲಿ ಪರವಾನಗಿ, ಆಮದು ಸುಂಕಗಳ ಬೇಲಿ ಎಷ್ಟು ಎತ್ತರವಿತ್ತೆಂದರೆ ವಿದೇಶದ ಮನೆಗಂಪ್ಯೂಟರುಗಳು ಇಲ್ಲಿನ ಮನೆಗಳಿಗೆ ಹೊಕ್ಕಿದ್ದೇ ಅಪರೂಪ. ಇಂದು ಅವನ್ನು ಅಮೆರಿಕದಿಂದ ತರಿಸಿದರೆ ಬೇರೆಯೇ ಪಾಡು. ಬಳಸಿದ ಕಂಪ್ಯೂಟರಿನ ಆಮದಿಗೆ ನಿರ್ಬಂಧ. ಹೇಗೋ ಬಂತೆಂದರೆ 110 ವೋಲ್ಟಿನ ಯಂತ್ರಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಚಿತ್ರ ತೋರಿಸಬಲ್ಲ ಟಿವಿ ಹುಡುಕಬೇಕು. ಇಷ್ಟು ಪಾಡು ಪಟ್ಟ ಮೇಲೆ ಕಪಾಟಿನಲ್ಲಿ ಕೂರುವುದು ಈ ಮಣ್ಣಿನ ಯಾವ ಕೆಲಸವನ್ನೂ ಮಾಡದ ಒಂದು ಯಂತ್ರ. ಅದನ್ನು ಪ್ರೀತಿಸುವವರ ಪ್ರೀತಿ ನಿಜವೇ. ಆದರೂ ಅಷ್ಟೇ ಬೆವರನ್ನು ಇಲ್ಲಿನದಕ್ಕೆ ಹರಿಸಿದ್ದರೆ ಎಂದು ನನಗೆ ಸಂಕಟವಾಗುತ್ತದೆ.

ಇಲ್ಲಿ ಏನಿತ್ತು? 1984-85ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ತಿಳಿವಳಿಕೆ ಮೂಡಿಸಲು 'ಕ್ಲಾಸ್' ಯೋಜನೆ ಶುರುವಾಯಿತು. ಅದಕ್ಕೆ ಆರಿಸಿಕೊಂಡದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ಪರವಾನಗಿ ಪಡೆದು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಇಲ್ಲೇ ತಯಾರಿಸಿತು. 1989ರಲ್ಲಿ ಆ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಪುಣೆಯ ಡೆಸಿಬೆಲ್ಸ್ ಕಂಪೆನಿ ಸ್ಪೆಕ್ಟ್ರಮ್ಮನ್ನು ಭಾರತದಲ್ಲೇ ಜೋಡಿಸಿ ಮಾರಿತು. ಎಚ್‌ಸಿಎಲ್, ಡಿಸಿಎಂ, ವಿಪ್ರೋ, ಹೈದರಾಬಾದಿನ ಇಸಿಐಎಲ್, ಇವರೆಲ್ಲರ ಆ ಕಾಲದ ಪೆಟ್ಟಿಗೆಗಳಲ್ಲಿ ಒಂದು ಕೈಗೆ ಸಿಕ್ಕರೂ ನನ್ನ ಲೆಕ್ಕದಲ್ಲಿ ಅದು ಕಮೋಡೋರಿಗಿಂತ ದೊಡ್ಡದು. ಕಮೋಡೋರ್ ಲಕ್ಷಗಟ್ಟಲೆ ಮಾರಾಟವಾಯಿತು, ಅದನ್ನು ಕಾಯುವವರು ಹತ್ತು ದೇಶಗಳಲ್ಲಿದ್ದಾರೆ. ಯೂನಿಕಾರ್ನನ್ನು ಕಾಯುವವರು ನಾವಲ್ಲದೆ ಇನ್ಯಾರು?

ಬ್ಯಾಂಕುಗಳದು ಇನ್ನೊಂದು ಕತೆ. ಬ್ಯಾಂಕುಗಳ ಯಾಂತ್ರೀಕರಣಕ್ಕೆಂದು ನೇಮಿಸಿದ್ದ ರಂಗರಾಜನ್ ಸಮಿತಿಯ ಶಿಫಾರಸಿನ ಬೆನ್ನಿಗೆ 1980ರ ದಶಕದ ಕೊನೆಯಲ್ಲಿ ಶಾಖೆಗಳಿಗೆ ಎಎಲ್‌ಪಿಎಂ ಎಂಬ ಖಾತೆ ಬರೆಯುವ ಯಂತ್ರಗಳು ಬಂದವು. ನೌಕರರ ಸಂಘಗಳು ಗಟ್ಟಿಯಾಗಿ ವಿರೋಧಿಸಿದ, ಗ್ರಾಹಕರು ಕುತೂಹಲದಿಂದ ಕತ್ತು ಚಾಚಿ ನೋಡಿದ ಯಂತ್ರಗಳವು. ಕರಾವಳಿಯೇ ಹೆತ್ತ ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರ ಏಪ್ರಿಲಿನಲ್ಲಿ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಬ್ಯಾಂಕಿನ ಹೆಸರೇ ಉಳಿಯದಿದ್ದಾಗ ಅದರ ಮೊದಲ ಯಂತ್ರವನ್ನು ಉಳಿಸಬೇಕೆಂದು ಯಾರಿಗೆ ತೋಚೀತು?

ಕಾಸರಗೋಡಿಗೇ ವಿಶೇಷವಾದ ಇನ್ನೊಂದು ಸಾಧ್ಯತೆಯನ್ನು ನಮ್ಮ ಸಂಗ್ರಾಹಕರು ಗಮನಿಸಿದ್ದನ್ನು ನಾನು ಕಂಡಿಲ್ಲ. ಉಪ್ಪಳ, ಕುಂಬಳೆ, ಕಾಞಂಗಾಡಿನ ಎಷ್ಟೋ ಮನೆಗಳ ಅನ್ನ ಕೊಲ್ಲಿ ನಾಡಿನಿಂದ ಬಂದದ್ದು. 1980ರ ದಶಕದಲ್ಲಿ ಅಲ್ಲಿ ಕುವೈತಿನ ಅಲ್ ಆಲಮಿಯಾ ಕಂಪೆನಿಯ 'ಸಖರ್' ಎಂಬ ಮನೆಗಂಪ್ಯೂಟರು ಮನೆಮಾತಾಗಿತ್ತು. ಜಪಾನಿನಲ್ಲಿ ತಯಾರಾದ ಎಂಎಸ್‌ಎಕ್ಸ್ ಮಾದರಿಯ ಯಂತ್ರ. ಕೀಲಿಮಣೆಯಲ್ಲಿ ಅರಬಿ ಅಕ್ಷರ, ಒಳಗೆ ಅರಬಿಯಲ್ಲೇ ಬರೆಯಬಹುದಾದ ಬೇಸಿಕ್. ಟೇಪ್ ರೆಕಾರ್ಡರು, ವಿಸಿಆರು ಹೊತ್ತು ತಂದ ಪೆಟ್ಟಿಗೆಗಳಲ್ಲಿ ಮಕ್ಕಳಿಗೆಂದು ಒಂದಾದರೂ ಸಖರ್ ಬಂದಿರುವುದು ಅಸಂಭವವಲ್ಲ. ಇಲ್ಲಿನ ಬೇಟೆ ಶುರುವಾಗಬೇಕಾದದ್ದು ಇಂಥ ಮನೆಗಳ ಅಟ್ಟಗಳಿಂದ.

ಇನ್ನು ಕನ್ನಡದ ಮಾತು. ಇದನ್ನು ಸ್ವಲ್ಪ ನಿಂತು ಹೇಳಬೇಕು. 1990ರ ದಶಕದಲ್ಲಿ ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ಪೇಟೆಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳು ಡಿಟಿಪಿಗೆ ಹೊರಳಿದವು. ಬ್ರಹ್ಮಕಲಶೋತ್ಸವದ ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ, ಕವನ ಸಂಕಲನ, ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮನವಿಪತ್ರ ಎಲ್ಲವೂ ಪೇಜ್‌ಮೇಕರಿನಲ್ಲಿ ಸಿದ್ಧವಾದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಈ ನೆಲದ ಕನ್ನಡಿಗರು ಬರೆದುಕೊಂಡ ತಮ್ಮ ಅಳಲಿನ ಮೊದಲರ್ಧ ಮೊಳೆ ಅಚ್ಚಿನ ಕಾಗದದಲ್ಲಿದೆ, ಉತ್ತರಾರ್ಧ ಫ್ಲಾಪಿಗಳಲ್ಲಿದೆ. ಆ ಫ್ಲಾಪಿ ಓದಿದರೂ ಬರಹ ಕಾಣುವುದಿಲ್ಲ. ಆಗಿನ ಶ್ರೀಲಿಪಿ, ಆಕೃತಿ, ಪ್ರಕಾಶಕ್ ತಂತ್ರಾಂಶಗಳು ಒಂದೊಂದೂ ಕನ್ನಡದ ಅಕ್ಷರ ತುಣುಕುಗಳಿಗೆ ತನ್ನದೇ ಸಂಕೇತ ಕೊಟ್ಟಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ವಿಂಡೋಸಿನಲ್ಲಿ ಅದು ನೆಟ್ಟಗೆ ಕಂಡದ್ದು 2001ರ ಎಕ್ಸ್‌ಪಿಯಲ್ಲಿ.

ಅದಕ್ಕೂ ಹಿಂದಿನದು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು. ಐಐಟಿ ಕಾನ್ಪುರದಲ್ಲಿ ಮೊಳಕೆಯೊಡೆದು ಪುಣೆಯಲ್ಲಿ ಬೆಳೆದ ಈ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಭಾರತದ ಲಿಪಿಗಳು ಮೂಡುತ್ತಿದ್ದವು. ನಮ್ಮ ನೆರೆಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ 26 ಇಂಗ್ಲಿಷ್ ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡವನ್ನು ಹೊಂದಿಸಿ, 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ಇಂದು ನಾವು ಬೆರಳಿಗೆ ರೂಢಿ ಮಾಡಿಕೊಂಡ ಕನ್ನಡ ಕೀಲಿಮಣೆಗೆ ಅವರ ವಿನ್ಯಾಸವೇ ತಳಹದಿ. ಸೇಡಿಯಾಪು ಓಡುತ್ತಿದ್ದ ಕಾಲದ ಒಂದು ಡಾಸ್ ಯಂತ್ರ, ಅದರದೇ ಫ್ಲಾಪಿಯೊಂದಿಗೆ, ನಡೆಯುವ ಸ್ಥಿತಿಯಲ್ಲಿ ಯಾರಲ್ಲಾದರೂ ಇದ್ದರೆ ಅದರ ಮುಂದೆ ಆಪಲ್ ಟೂ ನನಗೆ ಸಾಮಾನ್ಯ ಸಾಮಗ್ರಿ.

ಎಲ್ಲಕ್ಕಿಂತ ಅಪರೂಪದ ವಸ್ತು ಹೆಬ್ಬೆರಳಿನಷ್ಟೇ ದೊಡ್ಡದು. ಆಗಿನ ಹಲವು ಭಾರತೀಯ ಭಾಷಾ ತಂತ್ರಾಂಶಗಳ ಜೊತೆ ಒಂದು ಡಾಂಗಲ್ ಬರುತ್ತಿತ್ತು. ಪ್ರಿಂಟರಿನ ಪೋರ್ಟಿಗೆ ಅದನ್ನು ಸಿಕ್ಕಿಸದೆ ತಂತ್ರಾಂಶ ತೆರೆಯುತ್ತಿರಲಿಲ್ಲ. ಪೆಟ್ಟಿಗೆ, ಮಾನಿಟರು, ಕೀಲಿಮಣೆಗಳಿಗೆ ಚೌಕಾಶಿ ಮಾಡುವ ಸಂಗ್ರಾಹಕರು ಈ ಡಾಂಗಲ್ ಎಲ್ಲಿ ಎಂದು ಕೇಳುವುದೇ ಇಲ್ಲ. ಗುಜರಿಯವನು ಅದನ್ನು ಪ್ಲಾಸ್ಟಿಕ್ ರಾಶಿಗೆ ಎಸೆಯುತ್ತಾನೆ. ಅದು ಹೋಯಿತೆಂದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದರೊಳಗಿನ ಕನ್ನಡಕ್ಕೆ ಬೀಗ.

ಹುಡುಕಾಟದ ಕಷ್ಟವನ್ನು ನಾನು ಹಗುರ ಮಾಡುತ್ತಿಲ್ಲ. ಸರಕಾರಿ ಕಚೇರಿಯ ಯಂತ್ರ ಕಂಡಮ್ ಆದ ಮೇಲೆ ಮೂಲೆ ಕೋಣೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ, ಆಗ ಕೇಳಿದರೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಹರಾಜು ಬಂದಾಗ ಇಡೀ ರಾಶಿಗೆ ಒಂದೇ ಬೆಲೆ, ಒಂದನ್ನು ಆರಿಸಿಕೊಳ್ಳುವಂತಿಲ್ಲ. ಶಾಲೆಗಳ ಇ-ತ್ಯಾಜ್ಯವನ್ನು ಕ್ಲೀನ್ ಕೇರಳ ಕಂಪೆನಿ ಒಯ್ಯುತ್ತದೆ. ಪರಿಸರದ ದೃಷ್ಟಿಯಿಂದ ಅದು ಆಗಲೇಬೇಕಾದ ಕೆಲಸ, ಸಂಗ್ರಾಹಕನಿಗೆ ಬಾಗಿಲು ಮುಚ್ಚಿದಂತೆ. ಗುಜರಿ ಅಂಗಡಿಯಲ್ಲಿ ಎದುರಾಳಿ ಇನ್ನೊಬ್ಬ ಹವ್ಯಾಸಿಯಲ್ಲ, ಚಿನ್ನ ತೆಗೆಯುವವನು. ಹಳೆಯ ಸೆರಾಮಿಕ್ ಪ್ರೊಸೆಸರುಗಳು ಅವುಗಳೊಳಗಿನ ಬಂಗಾರಕ್ಕಾಗಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತವೆ. ನಾವು ತಲುಪುವ ಹೊತ್ತಿಗೆ ಬೋರ್ಡಿನ ನಡುವೆ ಒಂದು ಚೌಕದ ತೂತು.

ಉಳಿದದ್ದನ್ನು ಮಳೆ ತಿನ್ನುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡು, ಪಡುವಣದಿಂದ ಉಪ್ಪುಗಾಳಿ. ಆಟಿ ತಿಂಗಳಲ್ಲಿ ಫ್ಲಾಪಿಯ ಕಪ್ಪು ತಟ್ಟೆಯ ಮೇಲೆ ಬಿಳಿ ಬೂಸ್ಟು ಹಬ್ಬುತ್ತದೆ, ಅದನ್ನು ಹಾಗೇ ಡ್ರೈವಿಗೆ ಹಾಕಿದರೆ ಫ್ಲಾಪಿಯೂ ಹೋಯಿತು, ಡ್ರೈವಿನ ಹೆಡ್ಡೂ ಹೋಯಿತು. 386, 486 ಕಾಲದ ಬೋರ್ಡುಗಳಲ್ಲಿ ಗಡಿಯಾರಕ್ಕೆಂದು ಬೆಸೆದಿರುವ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಅದರ ಕ್ಷಾರ ತಾಮ್ರದ ಗೆರೆಗಳನ್ನು ಹಸಿರು ಕಿಲುಬಾಗಿಸುತ್ತದೆ. ಹಂಚಿನ ಮನೆಯ ಅಟ್ಟದಲ್ಲಿ ಹಳೆ ಯಂತ್ರ ಸಿಕ್ಕಿತೆಂದರೆ ಸ್ವಿಚ್ಚು ಹಾಕುವ ಮೊದಲು ಮಾಡಬೇಕಾದ ಕೆಲಸ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಇದನ್ನು ಬಲ್ಲ, ಒಂದು ಕೂದಲೆಳೆಯ ತಂತಿಯಿಂದ ಕಡಿದ ಗೆರೆಯನ್ನು ಮತ್ತೆ ಬೆಸೆಯಬಲ್ಲ ಕೈಗಳು ನಮ್ಮಲ್ಲಿವೆ. ಅವರ ಕುಶಲತೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಅಲ್ಲೇ ನನ್ನ ದೊಡ್ಡ ಆಕ್ಷೇಪವೂ ಇದೆ. ಇಷ್ಟು ಕಷ್ಟಪಟ್ಟು ಯಂತ್ರವನ್ನು ಬದುಕಿಸಿದ ಮೇಲೆ ಬಹಳಷ್ಟು ಸಂಗ್ರಾಹಕರು ಮಾಡುವ ಮೊದಲ ಕೆಲಸ ಹಾರ್ಡ್ ಡಿಸ್ಕನ್ನು ಅಳಿಸಿ ಡಾಸ್ ಹೊಸದಾಗಿ ಹಾಕುವುದು. ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಬೆಳ್ಳಗಾಗಿಸುವುದು. ಆಮೇಲೆ 'ಪ್ರಿನ್ಸ್ ಆಫ್ ಪರ್ಷಿಯಾ' ಆಡಿ ತೋರಿಸುವುದು. ಪೆಟ್ಟಿಗೆ ಕಂಪೆನಿಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತದೆ. ಅದು ಇಪ್ಪತ್ತು ವರ್ಷ ಮಾಡಿದ ಕೆಲಸದ ಒಂದು ಸಾಲೂ ಉಳಿದಿರುವುದಿಲ್ಲ. ಆಟದ ಪ್ರತಿ ಜಗತ್ತಿನ ಸಾವಿರ ಕಡೆ ಇದೆ. ಅಳಿಸಿದ ಪ್ರಸಂಗದ ಪ್ರತಿ ಬೇರೆಲ್ಲೂ ಇಲ್ಲ.

ಈ ನೆಲದಲ್ಲೇ ಒಂದು ಮೇಲ್ಪಂಕ್ತಿ ಇದ್ದೂ ಹೀಗಾಗುತ್ತಿದೆ ಎಂಬುದು ನೋವಿನ ವಿಷಯ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ಹಳೆ ಮನೆತನಗಳಲ್ಲಿದ್ದ ತುಳು ಲಿಪಿಯ ತಾಡೋಲೆಗಳನ್ನು ಅರಸಿ, ಓದಿ, 'ಶ್ರೀ ಭಾಗವತೊ', 'ಕಾವೇರಿ'ಯಂಥ ಕಾವ್ಯಗಳನ್ನು ಸಂಪಾದಿಸಿ ಕೊಟ್ಟರು. ತುಳುವಿಗೆ ಹಳೆಯ ಕಾವ್ಯ ಪರಂಪರೆ ಇದೆಯೇ ಎಂಬ ಸಂದೇಹಕ್ಕೆ ಅದರಿಂದ ಉತ್ತರ ಸಿಕ್ಕಿತು. ಅವರು ಗರಿಗಳನ್ನು ಎಣ್ಣೆ ಸವರಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಿದ್ದರೆ ಇಂದು ನಮ್ಮಲ್ಲಿ ಗರಿಗಳಿರುತ್ತಿದ್ದವು, ಭಾಗವತೊ ಇರುತ್ತಿರಲಿಲ್ಲ. ಕಂಪ್ಯೂಟರು ಸಂಗ್ರಹಿಸುವವರ ಕೆಲಸವನ್ನೂ ನಾನು ಇದೇ ಅಳತೆಯಿಂದ ಅಳೆಯುತ್ತೇನೆ. ತಾಡೋಲೆ ಮುನ್ನೂರು ವರ್ಷ ಬಾಳುತ್ತದೆ, ಫ್ಲಾಪಿಗೆ ಮೂವತ್ತೇ ಹೆಚ್ಚು. ಆದ್ದರಿಂದ ಇವರ ಅವಸರ ಪುಣಿಂಚತ್ತಾಯರದ್ದಕ್ಕಿಂತ ದೊಡ್ಡದು.

ನನ್ನ ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಹಳೆ ಡಿಸ್ಕಿನಲ್ಲಿ ಜನರ ಖಾಸಗಿ ವಿವರಗಳಿರುತ್ತವೆ, ಅಳಿಸುವುದೇ ನ್ಯಾಯ ಎನ್ನುತ್ತಾರೆ ಕೆಲವರು. ಬ್ಯಾಂಕು, ಆಸ್ಪತ್ರೆಗಳ ಯಂತ್ರದ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪ್ರೆಸ್ಸಿನ ಯಂತ್ರದಲ್ಲಿರುವುದು ಪ್ರಕಟವಾಗಲೆಂದೇ ಬರೆದದ್ದು. ಮಾಲಿಕರನ್ನು ಕೇಳಿ, ಮೊದಲು ಡಿಸ್ಕಿನ ಪೂರ್ಣ ಪ್ರತಿ ತೆಗೆದು, ಆಮೇಲೆ ಏನು ಬೇಕಾದರೂ ಮಾಡಬಹುದು. ಇನ್ನೊಂದು, ಹಳೆ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲೇ ಅನುಕರಿಸುವ ಎಮ್ಯುಲೇಟರು ಇರುವಾಗ ಯಂತ್ರವೇಕೆ ಎಂಬುದು. ಬಿಬಿಸಿ ಮೈಕ್ರೋಗೆ, ಎಂಎಸ್‌ಎಕ್ಸ್‌ಗೆ ಒಳ್ಳೆಯ ಎಮ್ಯುಲೇಟರುಗಳಿವೆ, ನಿಜ. ಅಂಥವನ್ನು ಬರೆಯಲು ಅಲ್ಲೆಲ್ಲ ನೂರಾರು ಅಭಿಮಾನಿಗಳಿದ್ದರು. ಕಳೆದುಹೋದ ಕನ್ನಡ ಡಾಂಗಲ್ಲಿಗೆ ಯಾರೂ ಬರೆದುಕೊಡುವುದಿಲ್ಲ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿನ 'ಗಿಳಿವಿಂಡು' ಇದೆ. ಹತ್ತಾರು ಭಾಷೆಗಳನ್ನು ಓದಿ ಶಾಸನಗಳನ್ನು ಕೆದಕಿದ ಕವಿಯ ಮನೆಯದು. ಅಲ್ಲಿ ಒಂದು ಕೋಣೆ, ಎರಡು ನಡೆಯುವ ಯಂತ್ರ ಇದ್ದರೆ ಸಾಕು: ಫ್ಲಾಪಿಯ ಎರಡೂ ಅಳತೆಗಳ ಡ್ರೈವಿರುವ ಒಂದು 486, ಮೂಲ ಡಾಂಗಲ್ಲುಗಳೊಂದಿಗೆ ಆಗಿನ ಕನ್ನಡ ತಂತ್ರಾಂಶ ಹಾಕಿದ ಒಂದು ಪೆಂಟಿಯಂ. ಸಂಗ್ರಾಹಕರು ತಮ್ಮ ಕಪಾಟಿನಿಂದ ಇಷ್ಟನ್ನು ಕೊಟ್ಟರೆ, ಹಳೆ ಪ್ರೆಸ್ಸಿನವರು ಮೇಜಿನ ಖಾನೆಗಳನ್ನು ಒಮ್ಮೆ ಎಳೆದು ನೋಡಿದರೆ, ಬರುವ ಮಳೆಗಾಲದ ಮೊದಲೇ ಫ್ಲಾಪಿಗಳನ್ನು ಓದಿಸಲು ಶುರು ಮಾಡಬಹುದು. ಪ್ರಸಂಗಗಳಿಂದ ಆರಂಭಿಸೋಣ, ಅವುಗಳ ಕವಿಗಳಲ್ಲಿ ಕೆಲವರು ಇನ್ನೂ ನಮ್ಮೊಂದಿಗಿದ್ದಾರೆ, ಪಾಠ ತಪ್ಪಿದಲ್ಲಿ ತಿದ್ದಿಕೊಡಬಲ್ಲರು.