ಮೇಗುತಿಯ ಗೋಡೆಯ ಮೇಲೊಂದು ಬಹುಪದೋಕ್ತಿ

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ವರ್ಷಗಟ್ಟಲೆ ಕಲಿಸಿಕೊಂಡು ಬಂದಿರುವ ‘ಬಹುಪದೋಕ್ತಿಗಳು’ ಪಾಠದಲ್ಲಿ ಕ್ರಮವಿದೆ, ಕಾರಣವಿಲ್ಲ. ಚೌಕದ ಸುತ್ತಳತೆ, ವಿಸ್ತೀರ್ಣಗಳಿಂದ ಪಾಠ ಸರಿಯಾಗಿಯೇ ಹೊರಡುತ್ತದೆ. ಆದರೆ ಬೇಗನೆ ಪದ, ಸಹಗುಣಕ, ಮಹತ್ತಮ ಘಾತ, ಶೂನ್ಯತೆ ಎಂದು ಹೆಸರುಗಳು ಸಾಲುಗಟ್ಟುತ್ತವೆ. ಘನ, ವರ್ಗ, ಬಿಡಿ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿ ಬರೆಯುವುದಾದರೂ ಏಕೆ? ಮಕ್ಕಳಿಗೆ ಮೊದಲು ಬೇಕಾದ ಈ ಉತ್ತರದ ಬಳಿ ಪಾಠ ನಿಲ್ಲುವುದಿಲ್ಲ.

ಉತ್ತರ ಇರುವುದು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ. ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿಶಾಸನದ ಕಾಲ ಕ್ರಿ.ಶ. 634. ಅದನ್ನು ಇತಿಹಾಸದ ಮೇಷ್ಟ್ರು ತೋರಿಸುತ್ತಾರೆ. ಗಣಿತದ ಮೇಷ್ಟ್ರೂ ತೋರಿಸಬೇಕು. ಭಾರತ ಯುದ್ಧದಿಂದ ಕಳೆದ ವರ್ಷಗಳನ್ನು ಕವಿ ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಬಿಡಿಸಿ ಹೇಳುತ್ತಾನೆ. ಕೂಡಿದರೆ 3735. ಶಕವರ್ಷವನ್ನೂ ಹಾಗೆಯೇ ಐವತ್ತು, ಆರು, ಐನೂರು ಎನ್ನುತ್ತಾನೆ: 556. ಪದಗಳ ಸ್ಥಾನ ಹಿಂದುಮುಂದಾದರೂ ಮೊತ್ತ ಕೆಡುವುದಿಲ್ಲ.

ಭಾಸ್ಕರಾಚಾರ್ಯರು ತಿಳಿಯದ ರಾಶಿಗೆ ‘ಯಾ’ ಎಂದು ಬರೆದ ಹಾಗೆ, ಹತ್ತರ ಜಾಗದಲ್ಲಿ ‘ಯ’ ಇಡೋಣ. ಮೊದಲ ಸಂಖ್ಯೆ 3ಯ³ + 7ಯ² + 3ಯ + 5 ಆಗುತ್ತದೆ, ಎರಡನೆಯದು 5ಯ² + 5ಯ + 6. ಸಜಾತಿ ಪದಗಳನ್ನಷ್ಟೇ ಒಂದರಿಂದೊಂದು ಕಳೆದರೆ 3ಯ³ + 2ಯ² − 2ಯ − 1 ಉಳಿಯುತ್ತದೆ. ಪಕ್ಕದ ಸ್ಥಾನದಿಂದ ಸಾಲ ತರುವ ಕಷ್ಟವೇ ಇಲ್ಲ. ಋಣ ಸಹಗುಣಕಗಳು ಆ ಕೆಲಸ ಮಾಡಿಬಿಡುತ್ತವೆ. ‘ಯ’ಗೆ 10 ಹಾಕಿದರೆ 3000 + 200 − 20 − 1, ಅಂದರೆ 3179. ಶಾಸನ ಭಾರತ ಯುದ್ಧದಿಂದ ಎಣಿಸುವ ಕಲಿವರ್ಷಕ್ಕೂ ಶಕವರ್ಷಕ್ಕೂ ಇರುವ ಅಂತರ ಸರಿಯಾಗಿ ಇಷ್ಟೇ!

ರವಿಕೀರ್ತಿ ಬೀಜಗಣಿತ ಮಾಡಿದ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಹತ್ತು ಹತ್ತೇ. ಅದನ್ನು ಚರಾಕ್ಷರ ಮಾಡುವುದು ನಮ್ಮ ಕೆಲಸ, ಪಾಠ ಶುರುವಾಗಬೇಕಾದದ್ದೂ ಅಲ್ಲೇ. ‘ಯ’ಗೆ 2 ಹಾಕಿ ನೋಡಿ: 63ರಿಂದ 36 ಹೋದರೆ 27, ಉಳಿದ ಬಹುಪದೋಕ್ತಿಯ ಬೆಲೆಯೂ 27. ಹತ್ತಕ್ಕೆ ನಿಜವಾದದ್ದು ಎಲ್ಲ ಸಂಖ್ಯೆಗೂ ನಿಜ ಎಂದು ಮಗುವಿಗೆ ಆಗ ಹೊಳೆಯುತ್ತದೆ. ಬಾದಾಮಿಗೆ ಹೋದರೆ ಅಲ್ಲಿನ ಬಂಡೆಶಾಸನದಲ್ಲಿ ಒಂದನೇ ಪುಲಕೇಶಿಯ ಶಕ 465 ಸಿಗುತ್ತದೆ. ಶಕವರ್ಷವನ್ನು ಕ್ರಿ.ಶ.ಗೆ ತರುವ ‘ಶ + 78’ ಎಂಬ ಬೀಜೋಕ್ತಿಗೆ ಅದನ್ನು ಹಾಕಿದರೆ ಕ್ರಿ.ಶ. 543, ಐಹೊಳೆಯ 556 ಹಾಕಿದರೆ 634. ಅಕ್ಷರ ಒಂದೇ, ಬೆಲೆ ಬೇರೆ.

ಪುಸ್ತಕಕ್ಕಿಂತ ಹೆಚ್ಚಿನ ಹಾನಿ ಕರಿಹಲಗೆಯ ಮೇಲೆ ಆಗುತ್ತಿದೆ. ‘ಮೂರು ಮಾವು, ಎರಡು ಬಾಳೆ ಕೂಡಿಸಲಾಗದು, 3ಮ + 2ಬ ಕೂಡ ಹಾಗೆಯೇ’ ಎಂಬ ವಿವರಣೆಯನ್ನು ಬಿಡಲೇಬೇಕು. ಅದರಿಂದ ಅಕ್ಷರವೆಂದರೆ ಹಣ್ಣು ಎಂಬ ತಿಳಿವಳಿಕೆ ಬೇರೂರುತ್ತದೆ. ಗುಣಾಕಾರ ಬಂದಾಗ ಮಾವನ್ನು ಬಾಳೆಯಿಂದ ಗುಣಿಸುವುದು ಹೇಗೆ? ಇಳಕಲ್ಲಿನ ಮಕ್ಕಳ ಮುಂದೆ ಮಗ್ಗವೇ ಇದೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಸೀರೆಯ ನೂಲಿನ ಲೆಕ್ಕದಲ್ಲಿ ‘ಹ’ ಎಂದರೆ ಹತ್ತಿನೂಲಲ್ಲ, ಒಂದು ಲಡಿ ಹತ್ತಿನೂಲಿನ ಬೆಲೆ; ‘ರ’ ಎಂದರೆ ಒಂದು ಲಡಿ ರೇಷ್ಮೆಯ ಬೆಲೆ. ಐದು ಲಡಿ ಹತ್ತಿಗೆ, ಎರಡು ಲಡಿ ರೇಷ್ಮೆಗೆ ಖರ್ಚು 5ಹ + 2ರ. ಪೇಟೆಯಲ್ಲಿ ದರ ಏರಿಳಿದರೂ ಈ ಬೀಜೋಕ್ತಿ ಹಾಗೆಯೇ ಇರುತ್ತದೆ, ಅದರ ಬೆಲೆ ಮಾತ್ರ ಬದಲಾಗುತ್ತದೆ. ಅದನ್ನು 7ಹರ ಎಂದು ಬರೆದ ಮಗುವಿಗೆ ನಿಯಮ ನೆನಪಿಸುವ ಅಗತ್ಯವೂ ಇಲ್ಲ. ಒಂದೊಂದು ದರ ಹಾಕಿ ಲೆಕ್ಕ ಮಾಡು ಎಂದರೆ ತಪ್ಪು ತಾನೇ ಹೊರಬೀಳುತ್ತದೆ.

ಬಾಗಲಕೋಟೆ ಜಿಲ್ಲೆಯ ಗಣಿತ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಪಾಠದ ಮೊದಲ ದಿನ ವ್ಯಾಖ್ಯೆಗಳನ್ನು ಬರೆಸಬೇಡಿ, 3735ರಿಂದ 556 ಕಳೆಯಲು ಹೇಳಿ.