ಒಮ್ಮತದ ಠರಾವು ಓದುವ ಬಗೆ

'ಎಲ್ಲಾ ಪಕ್ಷದವರು ಕೂಡಿ ಠರಾವು ಪಾಸ್ ಮಾಡಿದರು' ಎಂದು ಪೇಪರಿನಲ್ಲಿ ಬಂದರೆ ನಮ್ಮ ಮಂದಿಗೆ ಭಾಳ ಸಮಾಧಾನ ಆಗುತ್ತದೆ. ಚುನಾವಣೆಯಲ್ಲಿ ಒಬ್ಬರ ಮೇಲೊಬ್ಬರು ಕೆಸರು ಎರಚಿದವರು ರಾಜ್ಯದ ಕೆಲಸಕ್ಕೆ ಕೂಡಿ ನಿಂತರು ಅಂದರೆ ಯಾರಿಗೆ ಬ್ಯಾಡ? ಆದರೆ ಒಂದು ಮಾತು. ಕಥೆ, ಕವಿತೆ ಓದಿದಾಗ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಕೇರಿ ನೋಡುವ ನಾವು, ಠರಾವನ್ನು ಮಾತ್ರ ಕೇರುವುದಿಲ್ಲ. ಅದೂ ಒಂದು ಬರಹವೇ. ಏನು ಕೊಡುತ್ತದೆ, ಯಾರಿಗೆ ಕೊಡುತ್ತದೆ, ಯಾವಾಗ ಕೊಡುತ್ತದೆ ಎಂದು ಕೇಳಿಸಿಕೊಳ್ಳಬೇಕಾದ ಬರಹ. ಮೂರು ಒಮ್ಮತಗಳನ್ನು ನಾನಿಲ್ಲಿ ಹಾಗೆ ಓದಿದ್ದೇನೆ. ಮೂರಕ್ಕೂ ನಮ್ಮ ವಲಾಂಡಿಗೂ ಸಂಬಂಧ ಅದ.

ಮೊದಲನೆಯದು ಎಲ್ಲರಿಗೂ ನೆನಪಿರುವಂಥದ್ದು. 2022ರ ಡಿಸೆಂಬರ್ 22ಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಬೊಮ್ಮಾಯಿ ಮಂಡಿಸಿದ ಗಡಿ ಠರಾವಿಗೆ ವಿರೋಧ ಪಕ್ಷಗಳೂ ಒಪ್ಪಿದವು: ಒಂದಿಂಚು ನೆಲವನ್ನೂ ಬಿಟ್ಟುಕೊಡುವುದಿಲ್ಲ. ಐದು ದಿನ ಬಿಟ್ಟು, 27ಕ್ಕೆ, ನಾಗಪುರದಲ್ಲಿ ಮುಖ್ಯಮಂತ್ರಿ ಶಿಂದೆ ಮಂಡಿಸಿದ ಠರಾವಿಗೆ ಇಲ್ಲಿಯ ವಿರೋಧ ಪಕ್ಷಗಳೂ ಒಪ್ಪಿದವು: ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿ ಸೇರಿ 865 ಊರುಗಳ ಇಂಚಿಂಚೂ ನಮ್ಮದು. ಬಿಜೆಪಿಯವರು ಎರಡೂ ಸದನದಲ್ಲಿದ್ದರು, ಕಾಂಗ್ರೆಸ್ಸಿನವರೂ ಎರಡೂ ಸದನದಲ್ಲಿದ್ದರು. ಅಲ್ಲಿ 'ಕೊಡಲ್ಲ' ಅಂದ ಪಕ್ಷವೇ ಇಲ್ಲಿ 'ಕೊಡಲೇಬೇಕು' ಅಂದಿತು. ಒಮ್ಮತ ಎರಡೂ ಕಡೆ ಪೂರ್ಣ ಇತ್ತು ನೋಡ್ರಿ!

ಈ ಎರಡು ಠರಾವಿನಿಂದ ಗಡಿ ಸರಿಯಿತೇ? ಸರಿಯಲು ಸಾಧ್ಯವೇ ಇರಲಿಲ್ಲ. ಮಹಾರಾಷ್ಟ್ರ ಹಾಕಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ರಾಜ್ಯದ ಎಲ್ಲೆ ಬದಲಿಸುವ ಅಧಿಕಾರ ಸಂಸತ್ತಿಗಿದೆ, ವಿಧಾನಸಭೆಗಿಲ್ಲ. ಎರಡು ಠರಾವಿನ ವಿಷಯವೂ ನೆಲ. ಆ ನೆಲದ ಮೇಲೆ ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ ಕಲಿತು, ದವಾಖಾನೆಗೆಂದು ಬೀದರಿಗೂ ಕಚೇರಿಗೆಂದು ಲಾತೂರಿಗೂ ತಿರುಗುವ ನಮ್ಮಂಥ ಮಂದಿ ಆ ಒಮ್ಮತದ ವಿಷಯ ಆಗಲಿಲ್ಲ.

ಠರಾವು ಪಾಸಾದ ಜಾಗವನ್ನೂ ನೋಡಬೇಕು. ನಾಗಪುರದಲ್ಲಿ ವರ್ಷಕ್ಕೊಂದು ಅಧಿವೇಶನ ಯಾಕೆ ನಡೆಯುತ್ತದೆ? 1953ರ ನಾಗಪುರ ಕರಾರಿನಲ್ಲಿ ವಿದರ್ಭ, ಮರಾಠವಾಡಾ, ಪಶ್ಚಿಮ ಮಹಾರಾಷ್ಟ್ರದ ಮುಖಂಡರು ಕೂಡಿ, ಹಿಂದುಳಿದ ಭಾಗಕ್ಕೆ ಅನ್ಯಾಯ ಆಗಬಾರದು ಎಂದು ಬರೆದುಕೊಂಡದ್ದಕ್ಕೆ. ಬೆಳಗಾವಿಯಲ್ಲಿ ಸುವರ್ಣ ಸೌಧ ಕಟ್ಟಿದ್ದೂ ಉತ್ತರ ಕರ್ನಾಟಕದ ಮಾತು ಅಲ್ಲಿ ಆಗಲಿ ಎಂದೇ. ಹಿಂದುಳಿದವರ ಕಷ್ಟ ಕೇಳಲು ಕಟ್ಟಿದ ಎರಡು ಮನೆಗಳಲ್ಲಿ ಒಂದೇ ವಾರದಲ್ಲಿ ಗಡಿಯ ಒಮ್ಮತ ಆಯಿತು. ಖರ್ಚಿಲ್ಲದ ಒಮ್ಮತ ಬೇಗ ಆಗುತ್ತದೆ.

ಎರಡನೆಯದು ಖರ್ಚಿದ್ದ ಒಮ್ಮತ. ಸಂವಿಧಾನದ 371(ಜೆ) ಕಲಮು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ಚಿಂಚೋಳಿಯ ವೈಜನಾಥ ಪಾಟೀಲರು ವರ್ಷಗಟ್ಟಲೆ ಹೋರಾಡಿದರು. ಅವರು ಜನತಾ ಪರಿವಾರದಿಂದ ಬಂದವರು. ಕಾಂಗ್ರೆಸ್ಸಿನ ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆ ಇದೇ ಬೇಡಿಕೆ ಹಿಡಿದು ಕೂತಿದ್ದರು. ಅಡ್ವಾಣಿ ಗೃಹಮಂತ್ರಿ ಆಗಿದ್ದಾಗ ದಿಲ್ಲಿ ಇದನ್ನು ಒಪ್ಪಿರಲಿಲ್ಲ. ಆದರೂ 2010ರ ಮಾರ್ಚಿನಲ್ಲಿ, ಅಡ್ವಾಣಿಯವರದೇ ಪಕ್ಷದ ಯಡಿಯೂರಪ್ಪ ಮುಖ್ಯಮಂತ್ರಿ ಆಗಿದ್ದಾಗ, ಕರ್ನಾಟಕದ ವಿಧಾನಸಭೆ ಮತ್ತು ವಿಧಾನಪರಿಷತ್ತು ಈ ಬೇಡಿಕೆಗೆ ಬೆಂಬಲವಾಗಿ ಬೇರೆ ಬೇರೆ ಠರಾವು ಮಾಡಿ ಕಳಿಸಿದವು. ಆಗ ದಿಲ್ಲಿಯಲ್ಲಿ ಇದ್ದದ್ದು ಕಾಂಗ್ರೆಸ್ ಸರಕಾರ. ಖರ್ಗೆ ಕೇಂದ್ರ ಮಂತ್ರಿ, ಧರ್ಮಸಿಂಗ್ ಬೀದರಿನ ಎಂ.ಪಿ.

ಇಲ್ಲಿ ಒಮ್ಮತ ಹ್ಯಾಂಗ ಕೆಲಸ ಮಾಡಿತು ಎಂಬುದನ್ನು ನಿಧಾನಕ್ಕೆ ನೋಡಬೇಕು. ಠರಾವು ಒಂದು ಪಕ್ಷದ ಕೈಯಲ್ಲಿ, ತಿದ್ದುಪಡಿ ಮಸೂದೆ ಮತ್ತೊಂದು ಪಕ್ಷದ ಕೈಯಲ್ಲಿ. ಸಂವಿಧಾನ ತಿದ್ದಲು ಸದನದಲ್ಲಿ ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡು ಪಾಲು ಬೇಕು, ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚೂ ಬೇಕು. ಮನಮೋಹನ್ ಸಿಂಗ್ ಸರಕಾರಕ್ಕೆ ಸ್ವಂತ ಬಲದಲ್ಲಿ ಅಷ್ಟು ಇರಲಿಲ್ಲ. 2012ರ ಡಿಸೆಂಬರಿನಲ್ಲಿ ಮಸೂದೆ ಪಾಸಾಯಿತೆಂದರೆ ಎದುರಿನ ಸಾಲಿನವರೂ ಮತ ಹಾಕಿದರು ಎಂದೇ ಅರ್ಥ. 2013ರಲ್ಲಿ ರಾಜ್ಯದಲ್ಲಿ ಸರಕಾರ ಬದಲಾಯಿತು. ಸಿದ್ದರಾಮಯ್ಯನವರ ಕಾಲದಲ್ಲಿ ಆದೇಶ ಹೊರಟಿತು. ಆ ಭಾಗದ ಕಾಲೇಜುಗಳಲ್ಲಿ ಸ್ಥಳೀಯ ಮಕ್ಕಳಿಗೆ ನೂರಕ್ಕೆ 70 ಸೀಟು, ಸ್ಥಳೀಯ ಸರಕಾರಿ ನೌಕರಿಯಲ್ಲಿ 'ಸಿ' ವರ್ಗಕ್ಕೆ ನೂರಕ್ಕೆ 80, 'ಡಿ' ವರ್ಗಕ್ಕೆ 85, ರಾಜ್ಯಮಟ್ಟದಲ್ಲಿ 8. ಹೆಸರು ಯಾರಿಗೆ ಬಂತು ಎಂದು ಎರಡೂ ಪಕ್ಷ ಈಗಲೂ ಜಗಳಾಡುತ್ತವೆ, ಆಡಲಿ ಬಿಡ್ರಿ. ಕಲಮು ಸಂವಿಧಾನದೊಳಗೆ ಕೂತಾಗಿದೆ.

ಇದಕ್ಕೂ ಒಂದು ವಿಮರ್ಶೆ ಬೇಕು. ಆ ಭಾಗದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಸೇರಿದೆ. ಬಳ್ಳಾರಿ 1800ರಿಂದ ಇಂಗ್ಲಿಷರ ಕೈಯಲ್ಲಿತ್ತು, ಆಮೇಲೆ ಮದ್ರಾಸಿಗೆ ಸೇರಿತ್ತು. ಹಿಂದುಳಿದ ಜಿಲ್ಲೆ ಎಂಬ ಕಾರಣಕ್ಕೆ ಅದು ಸೇರಿದ್ದು ತಪ್ಪಲ್ಲ. ಆದರೆ 1956ರ ತನಕ ನಿಜಾಮನ ಬೀದರ್ ಜಿಲ್ಲೆಯಲ್ಲೇ ಇದ್ದ ಉದಗೀರ, ನಿಲಂಗಾ ತಾಲೂಕುಗಳ ಮಂದಿ ಹೊರಗೆ. ಕಮಲನಗರದ ಹುಡುಗನಿಗೆ ಹುಟ್ಟಿನ ದಾಖಲೆ ಮೇಲೆ ಸಿಗುವ ಸೀಟು, ಅದೇ ಬೀದರ್ ಜಿಲ್ಲೆಯಲ್ಲಿ ಹುಟ್ಟಿದ ಅಜ್ಜನ ಮೊಮ್ಮಗನಾದ ವಲಾಂಡಿಯ ಹುಡುಗನಿಗೆ ಇಲ್ಲ. ಕರ್ನಾಟಕದ ಶಾಸಕರನ್ನು ಇದಕ್ಕೆ ದೂರಿದರೆ ನ್ಯಾಯವಲ್ಲ, ಅವರು ತಮ್ಮ ರಾಜ್ಯದ ಮಂದಿಗೆ ಮಾಡಿಕೊಂಡರು. ಹಾಗಾದರೆ ನಮ್ಮ ರಾಜ್ಯದವರು ನಮಗೇನು ಮಾಡಿದರು?

ಮೂರನೆಯ ಒಮ್ಮತ ಅದೇ. ನಮಗೂ ಒಂದು ಕಲಮು ಅದ, 371(2). ಅದು 371(ಜೆ)ಗಿಂತ ಹಳೆಯದು. ವಿದರ್ಭ, ಮರಾಠವಾಡಾ, ಉಳಿದ ಮಹಾರಾಷ್ಟ್ರಕ್ಕೆ ಬೇರೆ ಬೇರೆ ಅಭಿವೃದ್ಧಿ ಮಂಡಳಿ ಮಾಡಬಹುದು, ಅವುಗಳ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು, ಹಣ ನ್ಯಾಯವಾಗಿ ಹಂಚಬೇಕು ಎಂದು 1956ರಲ್ಲೇ ಬರೆದದ್ದು. 1983ರಲ್ಲಿ ವಸಂತದಾದಾ ಪಾಟೀಲರ ಸರಕಾರ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರರ ಸಮಿತಿ ನೇಮಿಸಿತು. ರಾಜ್ಯದ ಜಿಲ್ಲೆಗಳಿಗೆ ಬಾಕಿ ಉಳಿದ ಕೆಲಸದ ಲೆಕ್ಕ 3,186 ಕೋಟಿ ರೂಪಾಯಿ ಎಂದು ಸಮಿತಿ ಹೇಳಿತು. ಅದರಲ್ಲಿ ಮರಾಠವಾಡಾದ ಬಾಕಿ ಸುಮಾರು 750 ಕೋಟಿ. 1984ರ ಜುಲೈನಲ್ಲಿ ವಿಧಾನಮಂಡಲ ಮಂಡಳಿ ಬೇಕೆಂದು ಒಮ್ಮತದಿಂದ ಠರಾವು ಮಾಡಿತು. ಮಂಡಳಿ ಬಂದದ್ದು 1994ಕ್ಕೆ. ಕಲಮು ಬರೆದು 38 ವರ್ಷ, ಒಮ್ಮತ ಆಗಿ ಹತ್ತು ವರ್ಷ ಆದಮೇಲೆ.

ಎರಡು ಕಲಮುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಕಾಣುತ್ತದೆ. ನಮ್ಮದರಲ್ಲಿ ನೌಕರಿಗೆ 'ಸಾಕಷ್ಟು ಅವಕಾಶ' ಆಗುವ ಏರ್ಪಾಡು ಎಂಬ ಧಾಟಿ ಇದೆ. ಆಚೆಯದರಲ್ಲಿ ಆ ಧಾಟಿಯ ಜೊತೆಗೆ, ಆ ಭಾಗದಲ್ಲಿ ಹುಟ್ಟಿದವರಿಗೆ ಅಥವಾ ನೆಲೆಸಿದವರಿಗೆ ಸೀಟು, ಹುದ್ದೆ ಕಾದಿರಿಸಬಹುದು ಎಂದು ಬಿಡಿಸಿ ಬರೆದಿದ್ದಾರೆ. 'ಸಾಕಷ್ಟು' ಎಂಬುದನ್ನು ಯಾರೂ ಎಣಿಸಲಾರರು. ನೂರಕ್ಕೆ 70 ಎಂಬುದನ್ನು ಹತ್ತನೇ ಇಯತ್ತೆಯ ಹುಡುಗಿಯೂ ಎಣಿಸಿ, 'ನನ್ನ ಸೀಟು ಎಲ್ಲಿ' ಎಂದು ಕೇಳಬಲ್ಲಳು.

ಆ ಮಂಡಳಿಯೂ ಈಗ ಹೋಯಿತು. 2020ರ ಏಪ್ರಿಲ್ 30ಕ್ಕೆ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಆಗ ವಿರೋಧದಲ್ಲಿದ್ದ ಬಿಜೆಪಿ ಸದನದಲ್ಲಿ ಗದ್ದಲ ಮಾಡಿತು. 2021ರ ಮಾರ್ಚಿನಲ್ಲಿ ಉಪಮುಖ್ಯಮಂತ್ರಿ ಅಜಿತ್ ಪವಾರ್, ರಾಜ್ಯಪಾಲರ ಬಳಿ ಕೂತಿರುವ ವಿಧಾನಪರಿಷತ್ತಿನ 12 ಹೆಸರು ಘೋಷಣೆ ಆದ ದಿನವೇ ಮಂಡಳಿಯೂ ಘೋಷಣೆ ಆಗುತ್ತದೆ ಎಂಬ ಅರ್ಥದ ಮಾತನ್ನು ಸದನದಲ್ಲೇ ಆಡಿದರು. ನಮ್ಮ ನೀರು, ರಸ್ತೆ, ಕಾಲೇಜು, 12 ಮಂದಿಯ ಕುರ್ಚಿಗೆ ಒತ್ತೆ ಬಿದ್ದವು. ಸರಕಾರ ಬದಲಾದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಶಿಂದೆ ಮಂತ್ರಿಮಂಡಲ ಮಂಡಳಿ ಮತ್ತೆ ಬೇಕೆಂದು ಶಿಫಾರಸು ಮಾಡಲು ತೀರ್ಮಾನಿಸಿತು. ಮೂರು ತಿಂಗಳಿಗೆ ನಾಗಪುರದಲ್ಲಿ ಗಡಿಯ ಠರಾವು ಪಾಸಾಯಿತು. ಮಂಡಳಿ ಆಗಲೂ ಖಾಲಿಯೇ ಇತ್ತು.

ಪಕ್ಷಗಳ ನಡುವೆ ಮಾತುಕತೆಯೇ ಇಲ್ಲದ್ದರಿಂದ ಹೀಗಾಯಿತು ಎನ್ನುವಂತಿಲ್ಲ. ಲಾತೂರಿನ ವಿಲಾಸರಾವ್ ದೇಶಮುಖ್ ಕಾಂಗ್ರೆಸ್, ಬೀಡಿನ ಗೋಪಿನಾಥ ಮುಂಡೆ ಬಿಜೆಪಿ. ಅವರಿಬ್ಬರ ದೋಸ್ತಿಯ ಮಾತು ನಮ್ಮ ಕಡೆ ಕಟ್ಟೆಕಟ್ಟೆಯ ಮೇಲೆ ಇಂದಿಗೂ ನಡೆಯುತ್ತದೆ. ಒಬ್ಬರು ಮುಖ್ಯಮಂತ್ರಿ, ಒಬ್ಬರು ಉಪಮುಖ್ಯಮಂತ್ರಿ ಆದವರು. ಇಬ್ಬರೂ ಮರಾಠವಾಡಾದ ಮಕ್ಕಳು. ಆ ದೋಸ್ತಿ ಸಭೆಗೆ ಶೋಭೆ ತಂದಿತು, ಜಗಳದ ಕಾವು ಇಳಿಸಿತು, ಅದೂ ಸಣ್ಣ ಮಾತಲ್ಲ. ಆದರೆ 371(2)ರ 'ಸಾಕಷ್ಟು' ಎಂಬ ಪದವನ್ನು ತಿದ್ದಿಸುವ ತನಕ ಅದು ಬೆಳೆಯಲಿಲ್ಲ. ಪಾಟೀಲ, ಧರ್ಮಸಿಂಗ್, ಖರ್ಗೆ ಎಷ್ಟು ದೋಸ್ತರಿದ್ದರೋ ಬಿಟ್ಟರೋ, ಬೇಡಿಕೆ ಮೂವರಿಗೂ ಒಂದೇ ಇತ್ತು, ಕಲಮಿನ ಹೆಸರು ಸಹಿತ ಒಂದೇ ಇತ್ತು.

ಆದ್ದರಿಂದ ಒಮ್ಮತ ಎಂದು ಯಾರಾದರೂ ಹೇಳಿದರೆ ನಾವು ಮೂರು ಪ್ರಶ್ನೆ ಕೇಳಬೇಕು. ಹಣ ಯಾರ ಬೊಕ್ಕಸದಿಂದ? ತಾರೀಖು ಯಾವುದು? ಆಗದಿದ್ದರೆ ಯಾರ ವರದಿ ಯಾವ ಸದನಕ್ಕೆ ಬರಬೇಕು? ಗಡಿಯ ಎರಡೂ ಠರಾವು ಮೂರರಲ್ಲೂ ನಪಾಸು. 1984ರದ್ದು ಎರಡನೆಯದರಲ್ಲಿ ಬಿತ್ತು. 371(ಜೆ) ಮೂರಕ್ಕೂ ಏನಾದರೂ ಉತ್ತರ ಕೊಡುತ್ತದೆ, ಪೂರ್ತಿ ಅಂಕ ಅದಕ್ಕೂ ಇಲ್ಲ.

ನನ್ನ ಬೇಡಿಕೆ ಎರಡೇ. ಮರಾಠವಾಡಾದ ಆಮದಾರರು, ಯಾವ ಚಿಹ್ನೆ ಮೇಲೆ ಗೆದ್ದಿರಲಿ, ಮಂಡಳಿ ಮತ್ತೆ ಬರಲಿ ಎಂಬಲ್ಲಿಗೆ ನಿಲ್ಲದೆ, 371(ಜೆ)ದ ಹಾಗೆ ಎಣಿಸಬಲ್ಲ ಪಾಲು ಬರೆಸಲಿ. ಎರಡನೆಯದು ಇನ್ನೂ ಹತ್ತಿರದ್ದು. ಉಮರ್ಗಾ, ನಿಲಂಗಾ, ಉದಗೀರದ ಆಮದಾರರು ಭಾಲ್ಕಿ, ಔರಾದದ ಶಾಸಕರ ಜೊತೆ ವರ್ಷಕ್ಕೊಮ್ಮೆ ಒಂದು ಜಾಗದಲ್ಲಿ ಕೂಡಲಿ. ಗಡಿ ಹಳ್ಳಿಯ ಮಕ್ಕಳ ಕಾಲೇಜು ಸೀಟು, ಕನ್ನಡ ಸಾಲಿಯ ಮಾಸ್ತರರು, ಬೀದರಿನ ದವಾಖಾನೆಯಲ್ಲಿ ನಮ್ಮ ಕಾರ್ಡು ನಡೆಯುವುದು, ಈ ಮೂರರ ಮೇಲೆ ಮಾತಾಡಲಿ. ಹಾಗೆ ಕೂಡಬೇಡಿ ಎನ್ನುವ ಕಾನೂನು ಯಾವ ರಾಜ್ಯದಲ್ಲೂ ಇಲ್ಲ. ನೆಲ ಯಾರದು ಎಂಬುದನ್ನು ಕೋರ್ಟು ನೋಡಿಕೊಳ್ಳಲಿ. ಅಲ್ಲಿ ತಾರೀಖು ಬೀಳುತ್ತಾ ಇರಲಿ, ಇಲ್ಲಿ ಮಕ್ಕಳು ಹನ್ನೆರಡನೇ ಇಯತ್ತೆ ಪಾಸಾಗುತ್ತಾ ಇದ್ದಾರೆ.